ಮೆಕ್ಲೇನ್ ಕೌಂಟಿಗೆ ಬಂದಿಳಿದವರಿಗೆ: ಮನೆ ಕೊಳ್ಳುವ ಮುಂಚೆ ನೆಲದ ಕಥೆ ಕೇಳಿ

ಅಮೆರಿಕದ ಇಲಿನಾಯ್ ರಾಜ್ಯದ ಮೆಕ್ಲೇನ್ ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು. ಅದರ ಅವಳಿ ಊರು ಬ್ಲೂಮಿಂಗ್ಟನ್-ನಾರ್ಮಲ್‌ಗೆ ಪ್ರಾಜೆಕ್ಟ್ ಮೇಲೆ ಬರುವ ನಮ್ಮವರೆಲ್ಲ ಹೇಳುವ ಮಾತು ಒಂದೇ: "ಗೋವಿನಜೋಳ, ಸೋಯಾ ಬಿಟ್ರೆ ಇಲ್ಲಿ ಏನೂ ಇಲ್ಲ." ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್), ಬ್ಯಾಂಕ್ ಖಾತೆ, ಲೈಸೆನ್ಸ್, ಮಕ್ಕಳ ಲಸಿಕೆ ಪತ್ರ, ಇವನ್ನೆಲ್ಲ ಆಫೀಸಿನವರು ಕೊಡುವ ಪಟ್ಟಿ ನೋಡಿ ಮುಗಿಸಿಬಿಡಿ. ನಾನು ಹೇಳಬೇಕಾಗಿರುವುದು ಆ ಬೆಳೆಯ ಕೆಳಗಿನ ನೆಲದ ವಿಷಯ. ಅದು ಗೊತ್ತಿಲ್ಲದೆ ಮನೆ ಕೊಂಡು ಕೈ ಸುಟ್ಟುಕೊಂಡವನು ನಾನು. ಸರಿಯಾಗಿ ಹೇಳಬೇಕೆಂದರೆ, ಕಾಲು ನೆನೆಸಿಕೊಂಡವನು.

ನಮ್ಮದು ನವಲಗುಂದದ ಕಡೆ. ಕರಿ ಮಣ್ಣು ಕಂಡ ಕೂಡಲೇ ಎರೆ ಹೊಲ ಅಂದುಕೊಂಡೆ. ನಮ್ಮ ಎರೆ ಬೇಸಿಗೆಯಲ್ಲಿ ಕಾಲು ಸಿಕ್ಕಿಹಾಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ, ಇದೂ ಹಾಗೇ ಇರಬೇಕು ಅನ್ನೋ ಭ್ರಮೆ. ಆದರೆ ಇದು ಒಂದು ಕಾಲಕ್ಕೆ ನೀರು ನಿಲ್ಲುತ್ತಿದ್ದ ಹುಲ್ಲುಗಾವಲು. ಆಳೆತ್ತರದ ಹುಲ್ಲು, ಬುಡದಲ್ಲಿ ಕೆಸರು, ಸೊಳ್ಳೆ, ಚಳಿಜ್ವರ. ಅದಕ್ಕೇ ಮೊದಲು ಬಂದ ಬಿಳಿಯರು ಬಯಲಿಗಿಳಿಯದೆ ಮರದ ತೋಪುಗಳ ಅಂಚಿನಲ್ಲಿ ಮನೆ ಕಟ್ಟಿದರು. ಐಸಾಕ್ ಫಂಕ್ 1824ರಲ್ಲಿ ಫಂಕ್ಸ್ ಗ್ರೋವ್‌ನಲ್ಲಿ ಬೇರೂರಿದ್ದು ಹಾಗೆ. 1837ರಲ್ಲಿ ಇದೇ ಇಲಿನಾಯ್‌ನಲ್ಲಿ ಜಾನ್ ಡಿಯರ್ ಉಕ್ಕಿನ ನೇಗಿಲು ಮಾಡಿದ ಮೇಲೆ ಅಂಟು ಮಣ್ಣು ಉಳುವುದು ಸುಲಭವಾಯಿತು. ಆದರೂ ನೀರು ಎಲ್ಲಾದರೂ ಹೋಗಬೇಕಲ್ಲ? 19ನೇ ಶತಮಾನದ ಕೊನೆಯ ದಶಕಗಳಲ್ಲಿ ಹೊಲಗಳ ಅಡಿಗೆ ಸುಟ್ಟ ಮಣ್ಣಿನ ಕೊಳವೆಗಳನ್ನು ಹೂಳಿ ಅದನ್ನು ಹಳ್ಳಗಳಿಗೆ ಹರಿಸಿದರು. ಅಮೆರಿಕದಲ್ಲೇ ಅತಿ ಹೆಚ್ಚು ಗೋವಿನಜೋಳ ಬೆಳೆಯುವ ಕೌಂಟಿಗಳಲ್ಲಿ ಮೆಕ್ಲೇನ್ ಒಂದಾಗಿರುವುದು ಆ ಕಾಣದ ಕೊಳವೆಗಳ ಪುಣ್ಯ.

ಮನೆ ನೋಡುವಾಗ ನಾನು ಏನು ನೋಡಿದೆ ಗೊತ್ತಾ? ಪೂರ್ವಕ್ಕೆ ಬಾಗಿಲು. ದೇವರ ಕೋಣೆಗೆ ಈಶಾನ್ಯ ಮೂಲೆ. ಬೇಸ್‌ಮೆಂಟ್‌ನಲ್ಲಿ ಒಂದು ಮುಚ್ಚಿದ ಗುಂಡಿ, ಅದರೊಳಗೊಂದು ಪಂಪ್ ಇತ್ತು. ಏನೋ ಇರಬೇಕು ಅಂತ ಸುಮ್ಮನಾದೆ. ಪಕ್ಕದಲ್ಲೇ ಊರಿಂದ ತಂದ ಅವ್ವನ ಟ್ರಂಕ್ ಇಟ್ಟೆ. ಜೂನ್‌ನ ಒಂದು ರಾತ್ರಿ ಗುಡುಗು ಮಳೆ ಬಂತು, ಕರೆಂಟ್ ಹೋಯಿತು, ಪಂಪ್ ನಿಂತಿತು. ಬೆಳಿಗ್ಗೆ ಮೊಣಕಾಲುದ್ದ ನೀರು. ಟ್ರಂಕಿನಲ್ಲಿದ್ದ ಮದುವೆ ಆಲ್ಬಮ್ ಬಿಡಿಸಿದರೆ, ಅಕ್ಕಿಕಾಳಿನ ಫೋಟೋದಲ್ಲಿದ್ದ ಅಪ್ಪನ ಮುಖ ಎದುರು ಪುಟಕ್ಕೆ ಅಂಟಿಕೊಂಡು ಬಂತು. ಆ ಗುಂಡಿಗೆ ಇಲ್ಲಿ ಸಂಪ್ ಅನ್ನುತ್ತಾರೆ; ನೆಲದಡಿಯ ನೀರು ಅದರಲ್ಲಿ ಸೇರುತ್ತದೆ, ಪಂಪ್ ಅದನ್ನು ಹೊರಗೆ ಹಾಕುತ್ತದೆ. ನಮ್ಮೂರ ಸಂಪಿಗೆ ನೀರು ಬಂದರೆ ಖುಷಿ. ಇಲ್ಲಿಯ ಸಂಪಿನಿಂದ ನೀರು ಹೋಗುತ್ತಿದ್ದರೆ ಮಾತ್ರ ನಿದ್ದೆ.

ಇನ್ನು ಇನ್ಶೂರೆನ್ಸ್. ದಿನವಿಡೀ ಇನ್ಶೂರೆನ್ಸ್ ಸಾಫ್ಟ್‌ವೇರ್ ಬರೆಯುವ ಮಹಾಶಯ ತನ್ನ ಪಾಲಿಸಿಯನ್ನೇ ಓದಿರಲಿಲ್ಲ! ಸಂಪ್ ಉಕ್ಕಿ ಆಗುವ ಹಾನಿಗೆ ಸಾಮಾನ್ಯವಾಗಿ ಬೇರೆಯೇ ರೈಡರ್, ಅಂದರೆ ಪಾಲಿಸಿಗೆ ಸೇರಿಸುವ ಹೆಚ್ಚುವರಿ ರಕ್ಷಣೆ, ಬೇಕು. ತಗೊಳ್ಳಿ. ಬ್ಯಾಟರಿಯಲ್ಲಿ ಓಡುವ ಇನ್ನೊಂದು ಪಂಪ್ ಹಾಕಿಸಿ. ವಾಸ್ತು ಆಮೇಲೆ.

ಅಂದಹಾಗೆ ಇಲ್ಲಿಯ ವಿಮೆಯೂ ಹೊಲದಿಂದಲೇ ಎದ್ದದ್ದು. ನಮ್ಮವರು ಎಷ್ಟೋ ಜನ ಕೆಲಸ ಮಾಡುವ ವಿಮಾ ಕಂಪನಿ ಸ್ಟೇಟ್ ಫಾರ್ಮ್ ಕಟ್ಟಿದ ಜಾರ್ಜ್ ಮೆಹರ್ಲ್ ಇದೇ ಕೌಂಟಿಯ ಮರ್ನಾ ಬಳಿ ಒಕ್ಕಲುತನ ಮಾಡಿಕೊಂಡಿದ್ದವರು. ರೈತರ ಕಾರಿಗೆ ಅಪಘಾತ ಕಡಿಮೆ, ಪಟ್ಟಣದವರಷ್ಟೇ ಕಂತು ಯಾಕೆ ಕಟ್ಟಬೇಕು ಅಂತ 1922ರಲ್ಲಿ ಕಂಪನಿ ಶುರು ಮಾಡಿದರು. ನಮ್ಮಲ್ಲಿ ಎಷ್ಟೋ ಜನರ ವೀಸಾ, ಸಂಬಳ, ಮನೆ ಸಾಲ ಎಲ್ಲ ಆ ರೈತನ ಲೆಕ್ಕಾಚಾರದ ಮೇಲೆ ನಿಂತಿದೆ. ಆದರೂ "ಏನೂ ಇಲ್ಲ" ಅನ್ನುತ್ತೇವೆ, ಅಲ್ವಾ?

ಮಕ್ಕಳನ್ನು ಡೌನ್‌ಟೌನ್‌ನ ಹಳೆಯ ಕೋರ್ಟ್ ಕಟ್ಟಡಕ್ಕೆ ಕರೆದುಕೊಂಡು ಹೋಗಿ. 1900ರ ದೊಡ್ಡ ಬೆಂಕಿಯ ನಂತರ ಕಟ್ಟಿದ್ದು, ಈಗ ಕೌಂಟಿಯ ಇತಿಹಾಸದ ಮ್ಯೂಸಿಯಂ. ಲಿಂಕನ್ ವಕೀಲಿಕೆಗೆ ಈ ಊರಿಗೆ ಬರುತ್ತಿದ್ದರು. 1856ರ ಮೇ 29ರಂದು ಅವರು ಇಲ್ಲಿ ಮಾಡಿದ ಭಾಷಣವನ್ನು ಪೂರ್ತಿ ಬರೆದುಕೊಂಡವರೇ ಇಲ್ಲ. ನನ್ನ ಮಗಳ ಮನಸ್ಸಿಗೆ ನಾಟಿದ್ದು ಮಾತ್ರ ಇಲ್ಲಿಯ ಮೂಲನಿವಾಸಿ ಕಿಕಾಪೂ ಜನರ ಕಥೆ. ಈಗಿನ ಲಿರಾಯ್ ಹತ್ತಿರ ಅವರದೊಂದು ದೊಡ್ಡ ಊರಿತ್ತು. 1819ರ ಎಡ್ವರ್ಡ್ಸ್‌ವಿಲ್ ಒಪ್ಪಂದದಲ್ಲಿ ನೆಲ ಅವರ ಕೈತಪ್ಪಿತು. ಮೆಕ್ಲೇನ್ ಕೌಂಟಿ ಹುಟ್ಟಿದ್ದು ಆಮೇಲೆ, 1830ರ ಕ್ರಿಸ್‌ಮಸ್ ದಿನ.

"ನಮ್ಮ ಹೊಲ ಯಾರು ತಗೊಂಡ್ರು ಅಪ್ಪಾ?" ಅಂದಳು. ಯಾರೂ ಕಿತ್ತುಕೊಳ್ಳಲಿಲ್ಲ. ನನ್ನ ಇಂಜಿನಿಯರಿಂಗ್ ಫೀಸಿಗೆ ನಾವೇ ಮಾರಿದೆವು. ಹಾಗಂತ ಹೇಳುವಾಗ ಗಂಟಲು ಯಾಕೋ ಕಟ್ಟಿತು. ಅವಳಿಗೆ ಮಲಪ್ರಭೆ ಯಾವ ಕಡೆ ಹರಿಯುತ್ತದೆ ಅಂತ ಗೊತ್ತಿಲ್ಲ, ಇಲ್ಲಿಯ ಹಳ್ಳ ಕಿಕಾಪೂ ಕ್ರೀಕ್ ಗೊತ್ತು. ಮೊದಲು ಸಿಟ್ಟು ಬರುತ್ತಿತ್ತು. ಈಗ ಅವಳಿಂದ ಕ್ರೀಕಿನ ಕಥೆ ಕೇಳಿ, ನಾನು ಹೊಳೆಯ ಕಥೆ ಹೇಳುತ್ತೇನೆ. ಅರ್ಧ ಕೇಳುತ್ತಾಳೆ.

ಕೊನೆಗೆ ರಸ್ತೆ. ಊರ ಹೊರಗೆ ಮೈಲಿಗೊಂದರಂತೆ ನೆಟ್ಟಗಿನ ರಸ್ತೆಗಳು; 1785ರ ಕಾನೂನಿನಂತೆ ನೆಲವನ್ನು 640 ಎಕರೆಯ ಚೌಕಗಳಾಗಿ ಅಳೆದದ್ದರ ಫಲ. ದಾರಿ ತಪ್ಪುವುದು ಕಷ್ಟ. ಆದರೆ ಆಗಸ್ಟ್‌ನಲ್ಲಿ ಬೆಳೆ ಎತ್ತರಕ್ಕೆ ನಿಂತಾಗ ಅಡ್ಡರಸ್ತೆಯಲ್ಲಿ ಬರುವ ಗಾಡಿ ಕಾಣುವುದೇ ಇಲ್ಲ. ಕೆಲವು ಕಡೆ ಸ್ಟಾಪ್ ಬೋರ್ಡೂ ಇರುವುದಿಲ್ಲ, ನಿಧಾನಿಸಿ. ಅಕ್ಟೋಬರ್‌ನಲ್ಲಿ ಕೊಯ್ಲಿನ ಯಂತ್ರ ಕಂಬೈನ್ ರಸ್ತೆ ತುಂಬ ಹೋಗುತ್ತಿದ್ದರೆ ಹಾರ್ನ್ ಹೊಡೆಯಬೇಡಿ, ಇದು ಸಿಲ್ಕ್ ಬೋರ್ಡ್ ಅಲ್ಲ. ಜಾಗ ಸಿಕ್ಕ ಕೂಡಲೇ ರೈತ ತಾನೇ ಬದಿಗೆ ಸರಿದು ಬಿಡುತ್ತಾನೆ. ದಾಟುವಾಗ ಸ್ಟೇರಿಂಗ್ ಮೇಲಿಂದ ಒಂದು ಬೆರಳೆತ್ತಿ, ಸಾಕು.