ತಿಂಗಳಿಗೊಮ್ಮೆ ಬರೋ ತಲಿನೋವಿಗೆ ಮೊದ್ಲು ಕ್ಯಾಲೆಂಡರ್ ಹಿಡೀರಿ

ನಮ್ಮ ರಾಯಚೂರಾಗ ಹೆಣ್ಮಗಳು ತಲಿ ಹಿಡ್ಕೊಂಡು ಕುಂತ್ರ ಎಲ್ಲಾರ ಬಾಯಾಗ ಒಂದೇ ಮಾತು, ಬಿಸ್ಲಾಗ ಹೋಗಿದ್ದೇನವಾ ಅಂತ. ಬಿಸ್ಲಿಗೂ ಬರ್ತೈತಿ, ಇಲ್ಲ ಅನ್ನಂಗಿಲ್ಲ, ಆದ್ರ ಮುಟ್ಟಿನ ಡೇಟ್ ಹತ್ರ ಬಂದಾಗ್ಲೇ ಅರ್ಧ ತಲಿ ಬಡಿಯೋದು, ವಾಂತಿ ಬಂದಂಗಾಗೋದು, ಲೈಟ್ ಕಂಡ್ರ ಆಗದಂಗಾಗೋದು ಇದ್ರ ಅದು ಮುಟ್ಟಿನ ಮೈಗ್ರೇನ್ ಇರಬಹುದು. ಮುಟ್ಟಿಗೆ ಮುಂಚೆ ಈಸ್ಟ್ರೋಜನ್ ಹಾರ್ಮೋನ್ ಸರ್ರನೆ ಇಳೀತೈತಿ, ಮೈಗ್ರೇನ್ ಇದ್ದೋರಿಗೆ ಅದು ತಡಿಯಂಗಿಲ್ಲ.

ಆ್ಯಪ್ ಏನೂ ಬ್ಯಾಡ, ಹಾಲಿನ ಲೆಕ್ಕ ಬರಿಯೋ ಗ್ವಾಡಿ ಕ್ಯಾಲೆಂಡರ್ ಸಾಕು. ಮುಟ್ಟಾದ ದಿನಕ್ಕ ಒಂದು ಚುಕ್ಕಿ (ಮನ್ಯಾಗ ಯಾರೂ ಕೇಳಂಗಿಲ್ಲ), ತಲಿನೋವಿನ ದಿನಕ್ಕ ಒಂದು ಗೀಟು, ಮಾತ್ರಿ ತಗೊಂಡ್ರ ಬಾಜೂಕ ಅದ್ರ ಹೆಸ್ರು. ಹಿಂಗ 3 ತಿಂಗಳು ಬರೀರಿ. ಮುಟ್ಟಾಗೋ 2 ದಿನ ಮುಂಚಿಂದ ಹಿಡಿದು ಮುಟ್ಟಿನ 3ನೇ ದಿನದೊಳಗ, 3 ತಿಂಗಳಾಗ 2 ತಿಂಗಳನಾದ್ರೂ ಗೀಟು ಬಿದ್ದಿದ್ರ ಡಾಕ್ಟ್ರಿಗೆ ತೋರಸ್ರಿ, ಅವ್ರು ಹಿಡಿಯೋ ಲೆಕ್ಕನೂ ಇದೇ.

ಆ ದಿನಗಳಾಗ ಹೊಟ್ಟಿ ಖಾಲಿ ಬಿಡಬ್ಯಾಡ್ರಿ. ನಸುಕಿನ್ಯಾಗ ಎದ್ದು ರೊಟ್ಟಿ ಬಡ್ದು, ಎಲ್ಲಾರಿಗೂ ಬುತ್ತಿ ಕಟ್ಟಿ, ತಾವು ಮಾತ್ರ ಮಧ್ಯಾಹ್ನತನಕ ಬರೇ ಚಾ ಮ್ಯಾಲೆ ಇರೋರೇ ಜಾಸ್ತಿ. ಡೇಟ್ ಹತ್ರ ಇದ್ರ ಸೋಮವಾರದ ಉಪವಾಸನೂ ಬಿಡ್ರಿ, ಮುಟ್ಟಾದ್ರ ಹೆಂಗೂ ಪೂಜಿಗೆ ಕರಿಯಂಗಿಲ್ಲ!

ಮಾತ್ರಿ ತಗೊಳೋದಾದ್ರ ನೋವು ಶುರುವಾಗ್ತಿದ್ದಂಗ ತಗೋಬೇಕು, ಪೂರ್ತಿ ಏರಿದ ಮ್ಯಾಲೆ ತಗೊಂಡ್ರ ಅಷ್ಟು ಕೆಲಸ ಮಾಡಂಗಿಲ್ಲ. ಡೇಟ್ ಸರಿಯಾಗಿ ಬರೋರಿಗೆ 2 ದಿನ ಮುಂಚಿಂದ್ಲೇ ಒಂದೈದಾರು ದಿನ ನೆಪ್ರಾಕ್ಸೆನ್ ಅನ್ನೋ ನೋವಿನ ಮಾತ್ರಿ ತಗೊಳ್ಳಾಕ ಡಾಕ್ಟ್ರು ಹೇಳಬಹುದು, ಇನ್ನು ಕೆಲವ್ರಿಗೆ ಮೈಗ್ರೇನ್‌ಗಂತನೇ ಇರೋ ಟ್ರಿಪ್ಟಾನ್ ಜಾತಿ ಮಾತ್ರಿ ಕೊಡ್ತಾರ. ಗ್ಯಾಸ್ಟ್ರಿಕ್ ಹುಣ್ಣು, ಕಿಡ್ನಿ ತೊಂದ್ರಿ, ಬಸುರು ಇದ್ರ ಮೊದ್ಲೇ ಹೇಳ್ರಿ. ಕಿರಾಣಿ ಅಂಗಡಿ ಮಾತ್ರಿ ದಿನಾ ನುಂಗೋದು ಮಾತ್ರ ಬ್ಯಾಡ. ತಿಂಗಳಿಗೆ 10-15 ದಿನ ನೋವಿನ ಮಾತ್ರಿ ತಗೊಂತಾ ಹೋದ್ರ ಆ ಮಾತ್ರಿಯಿಂದ್ಲೇ ತಲಿನೋವು ಅಂಟ್ಕೋತೈತಿ.

ಇನ್ನೊಂದು ಮಾತು ಭಾಳ ಮುಖ್ಯ. ತಲಿನೋವಿಗೆ ಮುಂಚೆ ಕಣ್ಣ ಮುಂದ ಅಂಕುಡೊಂಕು ಬೆಳಕು ಕಾಣಸ್ತಿದ್ರ ಅದನ್ನ ಡಾಕ್ಟ್ರಿಗೆ ಹೇಳದೇ ಈಸ್ಟ್ರೋಜನ್ ಇರೋ ಗರ್ಭನಿರೋಧಕ ಮಾತ್ರಿ ಶುರು ಮಾಡಬ್ಯಾಡ್ರಿ, ಅಂಥೋರಿಗೆ ಪಾರ್ಶ್ವವಾಯುವಿನ ಅಪಾಯ ಜಾಸ್ತಿ ಆಗ್ತೈತಿ. ಸಿಡ್ಲು ಬಡ್ದಂಗ ಒಮ್ಮೆಲೇ ನೋವು ಬಂದ್ರ, ಮಾತು ತೊದಲಿದ್ರ, ಒಂದು ಕಡಿ ಕೈಕಾಲು ಸೋತ್ರ ಮುಟ್ಟಿಂದು ಅಂತ ಮಲಗಸ್ಬ್ಯಾಡ್ರಿ, ಆಗಿಂದಾಗ್ಲೇ ದೊಡ್ಡಾಸ್ಪತ್ರಿಗೆ ಕರ್ಕೊಂಡು ಹೋಗ್ರಿ.