ಕಾರಿನ ಸೀಟಿಗೆ ಅಸಲಿ ತೊಗಲು: ನಾನು ಮಾಡುವ ಕ್ರಮ

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ನಿಂತ ಕಾಲಲ್ಲೇ ಹಾಕಿಕೊಡುವ ‘ಲೆದರ್’ ಕವರ್ ಬಹುಪಾಲು ರೆಕ್ಸಿನ್ ಅಥವಾ ಪಿಯು ಎಂಬ ಕೃತಕ ತೊಗಲು. ಅದು ಕಂಪನಿಯ ಬಟ್ಟೆಯ ಮೇಲೆಯೇ ಕೂರುತ್ತದೆ. ಆ ಬಟ್ಟೆಯನ್ನು ಬಿಚ್ಚಿ ತೆಗೆದು ತೊಗಲನ್ನೇ ಹೊಲಿದು ಕೂರಿಸುವ ಕೆಲಸದ ವಿವರ ಇಲ್ಲಿದೆ.

ಸೀಟು ಇಳಿಸುವ ಮುಂಚೆ ಬ್ಯಾಟರಿಯ ನೆಗೆಟಿವ್ ತೆಗೆದು ಹತ್ತು ನಿಮಿಷವಾದರೂ ಬಿಡಬೇಕು. ಸೀಟಿನಡಿಯ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು. ಅದು ಬಿಚ್ಚಿರುವಾಗ ಯಾರಾದರೂ ಬ್ಯಾಟರಿ ಜೋಡಿಸಿ ಕೀ ತಿರುಗಿಸಿದರೆ ಎಸ್‌ಆರ್‌ಎಸ್ (ಏರ್‌ಬ್ಯಾಗ್ ಎಚ್ಚರಿಕೆ) ದೀಪ ಹತ್ತಿ ಕೂರುತ್ತದೆ, ಸ್ಕ್ಯಾನರ್ ಹಾಕಿಯೇ ಅಳಿಸಬೇಕು.

ಹಳೆ ಕವರೇ ಪ್ಯಾಟರ್ನ್. ಕವರನ್ನು ಫೋಮಿಗೆ ಬಿಗಿದಿರುವ ಹಾಗ್ ರಿಂಗ್ ಎಂಬ ಲೋಹದ ಉಂಗುರಗಳನ್ನು ಕತ್ತರಿಸಿ, ಒಳಗಿನ ತಂತಿಗಳನ್ನು ಎತ್ತಿಡಿ. ಹೊಸ ಕವರಿಗೆ ಅವೇ ಬೇಕು. ಹೊಲಿಗೆ ಬಿಚ್ಚುವ ಮುಂಚೆ ಪ್ರತಿ 5 ಸೆಂ.ಮೀ.ಗೆ ಎರಡೂ ತುಂಡುಗಳ ಮೇಲೆ ಹಾಯುವಂತೆ ಗೆರೆ ಎಳೆದು, ತುಂಡುಗಳಿಗೆ ನಂಬರ್ ಹಾಕಬೇಕು. ಡ್ರೈವರ್ ಸೀಟಿನ ಬಾಗಿಲ ಕಡೆಯ ಬೋಲ್ಸ್ಟರ್ (ಅಂಚಿನ ಉಬ್ಬು) ಜನ ಹತ್ತಿ ಇಳಿದು ಜಗ್ಗಿ ಹೋಗಿರುತ್ತದೆ. ಅದರ ಅಳತೆಗೆ ಕತ್ತರಿಸಿದರೆ ಹೊಸ ಕವರೂ ಸಡಿಲ. ಹಾಗಾಗಿ ಪಕ್ಕದ ಸೀಟಿನ ತುಂಡನ್ನೇ ಮಗುಚಿ ಹಾಕಿಕೊಳ್ಳುತ್ತೇನೆ. ಲಿವರ್ ತೂತುಗಳನ್ನು ಮಾತ್ರ ಬೇರೆಯಾಗಿ ಗುರುತಿಸಬೇಕು.

ಒಂದು ಹಸುವಿನ ತೊಗಲು ಸುಮಾರು 45–50 ಚದರ ಅಡಿ ಬರುತ್ತದೆ. ಐದು ಸೀಟಿನ ಕಾರಿಗೆ ಡೋರ್ ಪ್ಯಾಡ್ ಸೇರಿ ನಾಲ್ಕೈದು ಬೇಕು. ಉಣ್ಣೆ ಹುಳು ಕಚ್ಚಿದ ಗುರುತು, ಮುಳ್ಳಿನ ಗೀರು ಕಳೆದರೆ ಕಾಲುಭಾಗ ವೇಸ್ಟ್. ದಪ್ಪ 1.1–1.3 ಮಿ.ಮೀ. ಸಾಕು, ಅದಕ್ಕಿಂತ ಹೆಚ್ಚಾದರೆ ನಾಲ್ಕು ಪದರ ಸೇರುವ ಮೂಲೆ ಮಷಿನ್ ಪಾದದಡಿ ನುಗ್ಗುವುದಿಲ್ಲ. ಕೂರುವ ಜಾಗಕ್ಕೆ ಬೆನ್ನಿನ ಭಾಗವನ್ನೇ ಕತ್ತರಿಸಿ. ಹೊಟ್ಟೆಯ ಭಾಗ ಹಿಗ್ಗುತ್ತದೆ, ಅದು ಕಣ್ಣಿಗೆ ಬೀಳದ ಅಂಚುಗಳಿಗೆ. ದುಡ್ಡು ಉಳಿಸಲು ಈ ಲೆಕ್ಕ ತಪ್ಪಿಸಿದ ಸೀಟು ವರ್ಷದೊಳಗೆ ಜೋಲುತ್ತದೆ.

ಹೊಲಿಗೆಗೆ ವಾಕಿಂಗ್ ಫುಟ್ ಮಷಿನ್ (ಪದರಗಳನ್ನು ಮೇಲಿಂದಲೂ ಹಿಡಿದು ಸರಿಸುವಂಥದ್ದು), 110ರ ಲೆದರ್ ಸೂಜಿ, ಬಾಂಡೆಡ್ ಪಾಲಿಯೆಸ್ಟರ್ ದಾರ. ಹತ್ತಿ ದಾರ ಬೆವರಿಗೆ ಕೊಳೆಯುತ್ತದೆ. ಒಂದೊಂದು ಹೊಲಿಗೆ 4–5 ಮಿ.ಮೀ. ಇರಲಿ, ಒತ್ತೊತ್ತಾಗಿ ಹಾಕಿದರೆ ತೊಗಲು ಅಂಚೆ ಚೀಟಿಯ ಹಾಳೆಯ ಹಾಗೆ ಸಾಲಾಗಿ ಹರಿಯುತ್ತದೆ.

ಸೈಡ್ ಏರ್‌ಬ್ಯಾಗ್ ಇರುವ ಸೀಟಿನಲ್ಲಿ ಒಂದು ಹೊಲಿಗೆಯನ್ನು ಕಂಪನಿಯವರು ಬೇಕೆಂದೇ ಹರಿಯುವಂತೆ ಹಾಕಿರುತ್ತಾರೆ. ಅಲ್ಲಿ ಗಟ್ಟಿ ದಾರ ಓಡಿಸಿದರೆ ಬ್ಯಾಗ್ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ಆ ಪಕ್ಕದ ತುಂಡುಗಳನ್ನು ನಾನು ಮುಟ್ಟುವುದೇ ಇಲ್ಲ, ಗಿರಾಕಿ ಎಷ್ಟೇ ಕೇಳಿದರೂ ಅಲ್ಲಿ ಕಂಪನಿ ಬಟ್ಟೆಯೇ ಇರುತ್ತದೆ. ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಮುಚ್ಚಳದ ಮೇಲೂ ತೊಗಲು ಬೇಡ.

ಫೋಮ್ ಪುಡಿಯಾಗಿದ್ದರೆ ಮೊದಲು ಅದನ್ನು ಕತ್ತರಿಸಿ ಗಟ್ಟಿ ಫೋಮ್ ಅಂಟಿಸಿ. ಕೂರಿಸುವಾಗ ತೆಳು ಪ್ಲಾಸ್ಟಿಕ್ ಹೊದಿಸಿದರೆ ಕವರ್ ಸಲೀಸಾಗಿ ಜಾರುತ್ತದೆ. ಆಮೇಲೆ ಎಳೆದು ತೆಗೆಯಿರಿ, ಬಿಟ್ಟರೆ ಕೂತಾಗೆಲ್ಲ ಪರಪರ ಸದ್ದು. ಫೋಮಿನ ನಡುವಿನ ಕಾಲುವೆಯ ರಿಂಗ್‌ಗಳು ಮೊದಲು, ಅಂಚು ಕೊನೆಗೆ. ಸುಕ್ಕಿಗೆ ಹೀಟ್ ಗನ್ ದೂರದಿಂದ ಹಿಡಿಯಬೇಕು, ಕೈ ತಡೆಯುವಷ್ಟೇ ಬಿಸಿ. ಹೆಚ್ಚಾದರೆ ಮೇಲಿನ ಲೇಪ ಹೊಳೆಯತೊಡಗುತ್ತದೆ, ಆ ಕಲೆ ಹೋಗುವುದಿಲ್ಲ.

ಕನೆಕ್ಟರ್‌ಗಳೆಲ್ಲ ಕೂತ ಮೇಲೆಯೇ ಬ್ಯಾಟರಿ. ಎಸ್‌ಆರ್‌ಎಸ್ ದೀಪ ಆರಿತೇ, ಬೆಲ್ಟ್ ಅಲಾರಾಂ ಬಡಿಯುತ್ತದೆಯೇ, ಮಕ್ಕಳ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಕೈಗೆ ಸಿಗುತ್ತದೆಯೇ ನೋಡಿ. ಕುಶನ್ ನಡುವೆ ಸಣ್ಣ ಸುಕ್ಕು ಬೀಳುವುದು ತೊಗಲಿನ ಗುಣ. ಬೋಲ್ಸ್ಟರ್ ಹೊಲಿಗೆ ಓರೆಯಾಗಿದ್ದರೆ ಮಾತ್ರ ರಿಂಗ್ ಬಿಚ್ಚಿಸಿ ಮತ್ತೆ ಎಳೆಸಿ.