199 ಥ್ರೆಡ್‌ಗಳು ಯಾರಿಗಾಗಿ ಕಾಯುತ್ತಿದ್ದವು?

ಊಟ ಮುಗಿಸಿ ಬರುವಷ್ಟರಲ್ಲಿ ನಮ್ಮ ಜಾವಾ ಸೇವೆ ಉತ್ತರ ಕೊಡುವುದನ್ನೇ ನಿಲ್ಲಿಸಿತ್ತು. ಪ್ರೊಸೆಸ್ ಜೀವಂತವಾಗಿತ್ತು, ಮೆಮೊರಿ ಬೇಕಾದಷ್ಟಿತ್ತು, ಸಿಪಿಯು ಬಳಕೆ ಶೇಕಡ 3ನ್ನೂ ದಾಟಿರಲಿಲ್ಲ. ಲಾಗ್‌ನಲ್ಲಿ ಮಾತ್ರ ಹೊಸದಾಗಿ ಒಂದು ಸಾಲೂ ಬೀಳುತ್ತಿರಲಿಲ್ಲ. "ರೀಸ್ಟಾರ್ಟ್ ಮಾಡಿಬಿಡಲೇ ಸರ್?" ಎಂದು ಕಿರಿಯ ಸಹೋದ್ಯೋಗಿ ಕೇಳಿದ. "ಒಂದು ನಿಮಿಷ ತಾಳು, ಮೊದಲು ಡಂಪ್ ತೆಗೆಯೋಣ" ಎಂದೆ. ಈ ಹಿಂದೆ ಎರಡು ಸಲ ಹೀಗೇ ಆದಾಗ ಅವಸರದಲ್ಲಿ ರೀಸ್ಟಾರ್ಟ್ ಮಾಡಿದ್ದೆವು. ಸೇವೆ ಚೇತರಿಸಿಕೊಂಡಿತ್ತು, ಅದರೊಂದಿಗೆ ಸಾಕ್ಷ್ಯವೂ ಅಳಿಸಿಹೋಗಿತ್ತು.

ಥ್ರೆಡ್ ಎಂದರೆ ಒಂದು ಪ್ರೋಗ್ರಾಂನೊಳಗೆ ಉಳಿದವುಗಳ ಜೊತೆಜೊತೆಗೇ ನಡೆಯುವ ಕೆಲಸದ ಒಂದು ಎಳೆ; ಲಾಕ್ ಎಂದರೆ ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಹುದಾದ ಬೀಗ. ಥ್ರೆಡ್ ಡಂಪ್ ಎಂದರೆ ಆ ಕ್ಷಣದಲ್ಲಿ ಪ್ರತಿಯೊಂದು ಥ್ರೆಡ್ ಕೋಡ್‌ನ ಯಾವ ಸಾಲಿನಲ್ಲಿ ನಿಂತಿದೆ, ಯಾವ ಲಾಕ್ ಹಿಡಿದಿದೆ, ಯಾವುದಕ್ಕಾಗಿ ಕಾಯುತ್ತಿದೆ ಎಂಬುದರ ಪಟ್ಟಿ. ಜಾವಾ ತಂತ್ರಾಂಶ ಬರೆಯುವವರ ಉಪಕರಣಗಳ ಕಟ್ಟು ಜೆಡಿಕೆ. ಅದರೊಂದಿಗೇ ಬರುವ, ಡಂಪ್ ತೆಗೆಯುವ ಉಪಕರಣವಾದ ಜೆಸ್ಟ್ಯಾಕ್‌ಗೆ ಪ್ರೊಸೆಸ್ ಸಂಖ್ಯೆ ಕೊಟ್ಟರೆ ಸಾಕು. ಆದರೆ ಸೇವೆ ಯಾವ ಬಳಕೆದಾರನ ಹೆಸರಿನಲ್ಲಿ ಓಡುತ್ತಿದೆಯೋ ಅದೇ ಹೆಸರಿನಲ್ಲಿ ಇದನ್ನೂ ಓಡಿಸಬೇಕು. ಕಂಟೇನರ್‌ನಲ್ಲಿ (ಸೇವೆಯನ್ನು ಬೇರ್ಪಡಿಸಿ ಓಡಿಸುವ ಪೆಟ್ಟಿಗೆ) ಬರೀ ಜೆಆರ್‌ಇ (ಜಾವಾ ಓಡಿಸಲು ಬೇಕಾದಷ್ಟೇ ಇರುವ ಕಟ್ಟು) ಇದ್ದು ಜೆಸ್ಟ್ಯಾಕ್ ಸಿಗದಿದ್ದರೆ 'ಕಿಲ್ -3' ಆಜ್ಞೆ ಕೈಹಿಡಿಯುತ್ತದೆ. ಹೆಸರು ಕೇಳಿ ಹೆದರಬೇಕಿಲ್ಲ, ಅದು ಪ್ರೊಸೆಸ್ ಅನ್ನು ಕೊಲ್ಲುವುದಿಲ್ಲ. ಡಂಪ್ ಅನ್ನು ಕಂಟೇನರ್‌ನ ಲಾಗ್‌ಗೆ ಸುರಿಯುತ್ತದೆ, ಅಷ್ಟೆ. 3ರ ಬದಲು 9 ಒತ್ತಿದರೆ ಕಥೆ ಬೇರೆ.

ಒಂದೇ ಡಂಪ್ ನಂಬಲು ನನ್ನ ಮನಸ್ಸು ಒಪ್ಪುವುದಿಲ್ಲ. 10 ಸೆಕೆಂಡ್ ಅಂತರದಲ್ಲಿ ಮೂರು ತೆಗೆದೆ. ಒಂದರಲ್ಲಿ ನಿಂತಂತೆ ಕಾಣುವ ಥ್ರೆಡ್ ಮರುಕ್ಷಣವೇ ಮುಂದೆ ಹೋಗಿರಬಹುದು. ಮೂರರಲ್ಲೂ ಅದೇ ಸಾಲಿನಲ್ಲಿ ನಿಂತಿದ್ದರೆ ಅದು ನಿಜವಾಗಿ ಸಿಕ್ಕಿಕೊಂಡಿದೆ ಎಂದು ಅರ್ಥ.

ಒಂದೊಂದು ಕಡತವೂ ಹತ್ತು ಸಾವಿರ ಸಾಲುಗಳ ಆಸುಪಾಸಿತ್ತು. ಅದನ್ನು ಮೇಲಿನಿಂದ ಓದಲು ಕುಳಿತರೆ ಸಂಜೆಯಾಗುತ್ತದೆ. ಹಾಗಾಗಿ ನಾನು ಓದುವ ಮೊದಲು ಎಣಿಸುತ್ತೇನೆ. ಥ್ರೆಡ್‌ಗಳ ಸ್ಥಿತಿ ಹೇಳುವ ಸಾಲುಗಳನ್ನು ಸಾಲು ಹುಡುಕುವ ಗ್ರೆಪ್‌ನಿಂದ ಹೆಕ್ಕಿ, ಕ್ರಮವಾಗಿ ಜೋಡಿಸುವ ಸಾರ್ಟ್‌ಗೆ ಕೊಟ್ಟು, ಅಲ್ಲಿಂದ ಒಂದೇ ತೆರನ ಸಾಲುಗಳನ್ನು ಎಣಿಸುವ 'ಯುನಿಕ್ -ಸಿ'ಗೆ ದಾಟಿಸಿದೆ. 'ಬ್ಲಾಕ್ಡ್' (ಲಾಕ್‌ಗಾಗಿ ತಡೆದು ನಿಂತ) ಸ್ಥಿತಿಯಲ್ಲಿ 199 ಥ್ರೆಡ್‌ಗಳಿದ್ದವು. ನಮ್ಮ ಸೇವೆಯನ್ನು ಓಡಿಸುವ ವೆಬ್ ಸರ್ವರ್ ಟಾಮ್‌ಕ್ಯಾಟ್ ಥ್ರೆಡ್‌ಗಳಿಗೆ ಸ್ವತಃ ಇಟ್ಟುಕೊಳ್ಳುವ ಮಿತಿ 200. ನಾವೂ ಅದನ್ನು ಬದಲಿಸಿರಲಿಲ್ಲ. ಅಂದರೆ ಕೋರಿಕೆಗಳಿಗೆ ಉತ್ತರಿಸಬೇಕಾದ ಥ್ರೆಡ್‌ಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಸರದಿಯಲ್ಲಿ ನಿಂತಿದ್ದವು.

ಯಾವ ಲಾಕ್‌ಗಾಗಿ? 'ವೇಯ್ಟಿಂಗ್ ಟು ಲಾಕ್' ಎಂಬ ಸಾಲುಗಳನ್ನೂ ಅದೇ ರೀತಿ ಎಣಿಸಿದೆ. 199ರ ಮುಂದೆಯೂ ಒಂದೇ ಮೆಮೊರಿ ವಿಳಾಸ. ಆ ವಿಳಾಸವನ್ನು 'ಲಾಕ್ಡ್' ಎಂಬ ಪದದೊಂದಿಗೆ ಹುಡುಕಿದಾಗ ಅದನ್ನು ಹಿಡಿದಿದ್ದ ಇನ್ನೂರನೆಯ ಥ್ರೆಡ್ ಸಿಕ್ಕಿತು. ಗ್ರೆಪ್ ಒಂದು ಸಾಲನ್ನಷ್ಟೇ ತೋರಿಸುತ್ತದೆ, ನನಗೆ ಬೇಕಿದ್ದದ್ದು ಆ ಥ್ರೆಡ್‌ನ ಇಡೀ ಭಾಗ. ಇದಕ್ಕೆ ಪಠ್ಯವನ್ನು ದಾಖಲೆಗಳಾಗಿ ಓದುವ ಆಕ್‌ನಷ್ಟು ಒದಗಿಬರುವ ಉಪಕರಣ ಇನ್ನೊಂದಿಲ್ಲ. ದಾಖಲೆಗಳ ನಡುವಿನ ಗಡಿ ಯಾವುದೆಂದು ಹೇಳುವ ಅದರ 'ಆರ್‌ಎಸ್' ಬೆಲೆಯನ್ನು ಖಾಲಿ ಬಿಟ್ಟರೆ, ಎರಡು ಖಾಲಿ ಸಾಲುಗಳ ನಡುವೆ ಇರುವುದೆಲ್ಲ ಅದಕ್ಕೆ ಒಂದೇ ದಾಖಲೆ. ಡಂಪ್‌ನಲ್ಲಿ ಥ್ರೆಡ್‌ಗಳ ನಡುವೆ ಇರುವುದೂ ಖಾಲಿ ಸಾಲೇ. ಹೀಗೆ ಒಂದು ಪದ ಕೊಟ್ಟರೆ ಪೂರ್ತಿ ಥ್ರೆಡ್ ಕೈಗೆ ಬರುತ್ತದೆ. ಜೆಸ್ಟ್ಯಾಕ್‌ಗೆ '-ಎಲ್' ಸೇರಿಸಿದ್ದರೆ ಮಾತ್ರ ಎಚ್ಚರ ಬೇಕು: ಅದು ಪ್ರತಿ ಥ್ರೆಡ್‌ನ ಕೆಳಗೆ, ಒಂದು ಖಾಲಿ ಸಾಲು ಬಿಟ್ಟು, ಇನ್ನಷ್ಟು ಮಾಹಿತಿ ಸೇರಿಸುವುದರಿಂದ ದಾಖಲೆ ಎರಡು ತುಂಡಾಗುತ್ತದೆ.

ಇನ್ನೂರನೆಯ ಥ್ರೆಡ್‌ನ ಸ್ಥಿತಿ 'ರನ್ನಬಲ್' ಎಂದಿತ್ತು. ಹೊಸಬರು ದಾರಿ ತಪ್ಪುವುದು ಇಲ್ಲಿಯೇ, ನಾನೂ ಒಂದು ಕಾಲಕ್ಕೆ ತಪ್ಪಿದ್ದೇನೆ. ಓಡುತ್ತಿದೆಯಲ್ಲ ಎಂದು ಅದನ್ನು ಬಿಟ್ಟು ಕಾಯುತ್ತಿರುವವರ ಹಿಂದೆ ಬೀಳುತ್ತೇವೆ. ಅದರ ಸ್ಟ್ಯಾಕ್‌ನ (ಒಂದನ್ನೊಂದು ಕರೆದ ಮೆಥಡ್‌ಗಳ ಪಟ್ಟಿ) ಮೊದಲ ಸಾಲು 'ಸಾಕೆಟ್‌ರೀಡ್0' ಎಂದಿತ್ತು. ಜಾವಾ 8ರಲ್ಲಿ ಇದು ನೆಟ್‌ವರ್ಕ್‌ನಿಂದ ಬರುವ ಅಕ್ಷರಗಳಿಗಾಗಿ ಕಾಯುವ ನೇಟಿವ್ ಕರೆ, ಅಂದರೆ ಜಾವಾದ ಹೊರಗಿನ ಕೋಡ್‌ಗೆ ಹೋಗುವ ಕರೆ. ನೇಟಿವ್ ಕೋಡ್‌ನೊಳಗೆ ಹೋದ ಥ್ರೆಡ್ ಅಲ್ಲಿ ಓಡುತ್ತಿದೆಯೋ ಸುಮ್ಮನೆ ಕುಳಿತಿದೆಯೋ ಎಂದು ಜಾವಾ ಕೋಡ್ ಓಡಿಸುವ ಜೆವಿಎಂ ನೋಡುವುದಿಲ್ಲ, 'ರನ್ನಬಲ್' ಎಂದೇ ಬರೆಯುತ್ತದೆ. ಸಿಪಿಯು ತಣ್ಣಗಿದ್ದದ್ದು ಏಕೆಂದು ಆಗ ಅರ್ಥವಾಯಿತು.

ಸ್ಟ್ಯಾಕ್‌ನಲ್ಲಿ ಕೆಳಗಿಳಿದಂತೆ ನಮ್ಮದೇ ಕೋಡ್ ಎದುರಾಯಿತು. ಹೊರಗಿನ ಒಂದು ಸೇವೆಯಿಂದ ಟೋಕನ್ (ಪ್ರವೇಶದ ಗುರುತುಚೀಟಿ) ತರುವ ಮೆಥಡ್, ಅದಕ್ಕೆ 'ಸಿಂಕ್ರೊನೈಸ್ಡ್' ಎಂಬ ಗುರುತು, ಅಂದರೆ ಲಾಕ್ ಹಿಡಿದ ಥ್ರೆಡ್ ಮಾತ್ರ ಅದರೊಳಗೆ ಹೋಗಬಹುದು. ಒಳಗೆ ನೆಟ್‌ವರ್ಕ್ ಕರೆಗೆ ಬಳಸಿದ್ದ 'ಎಚ್‌ಟಿಟಿಪಿ‌ಯುಆರ್‌ಎಲ್‌ಕನೆಕ್ಷನ್'ಗೆ ಟೈಮ್‌ಔಟ್ ಕೊಟ್ಟಿರಲಿಲ್ಲ. ಕೊಡದಿದ್ದರೆ ಅದರ ಬೆಲೆ ಸೊನ್ನೆ, ಸೊನ್ನೆ ಎಂದರೆ ಕೊನೆಯಿಲ್ಲದೆ ಕಾಯುವುದು. ಆಚೆಯವರು ಸಂಪರ್ಕ ಒಪ್ಪಿಕೊಂಡು ಮೌನವಾಗಿದ್ದರು. ನಮ್ಮ ಥ್ರೆಡ್ ಲಾಕ್ ಹಿಡಿದುಕೊಂಡೇ ಅವರ ಮಾತಿಗೆ ಕಿವಿಗೊಟ್ಟು ಕುಳಿತಿತ್ತು. ಮೂರೂ ಡಂಪ್‌ಗಳಲ್ಲಿ ಅದೇ ಥ್ರೆಡ್, ಅದೇ ಸಾಲು. ಹೋಲಿಸುವಾಗ ನಾನು ಥ್ರೆಡ್‌ನ ಹೆಸರನ್ನೂ ಸ್ಟ್ಯಾಕ್ ಅನ್ನೂ ನೋಡುತ್ತೇನೆ, ಲಾಕ್‌ನ ವಿಳಾಸವನ್ನಲ್ಲ. ಬೇಡದ ಮೆಮೊರಿಯನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಆಬ್ಜೆಕ್ಟ್‌ಗಳನ್ನು ಸ್ಥಳಾಂತರಿಸಿದಾಗ ವಿಳಾಸ ಬದಲಾಗುತ್ತದೆ.

ಸಂಪರ್ಕಕ್ಕೆ 2 ಸೆಕೆಂಡ್, ಓದಲು 5 ಸೆಕೆಂಡ್ ಮಿತಿ ಹಾಕಿದೆವು. ಅದಕ್ಕಿಂತ ಮುಖ್ಯವಾಗಿ, ನೆಟ್‌ವರ್ಕ್ ಕರೆಯನ್ನು ಲಾಕ್‌ನಿಂದ ಹೊರಗೆ ತಂದೆವು. ಈಗ ಹಳೆಯ ಟೋಕನ್‌ನ ಅವಧಿ ಮುಗಿಯುವ ಮೊದಲೇ ಹಿನ್ನೆಲೆಯ ಥ್ರೆಡ್ ಒಂದು ಹೊಸದನ್ನು ತಂದಿಡುತ್ತದೆ.

ಇದರ ತದ್ವಿರುದ್ಧ ತೊಂದರೆಯೂ ಒಮ್ಮೆ ಬಂದಿತ್ತು, ಸಿಪಿಯು ಒಂದೇ ಸಮನೆ ಉರಿಯುವುದು. ಆಗ ಒಂದೊಂದು ಥ್ರೆಡ್‌ನ ಸಿಪಿಯು ಬಳಕೆ ತೋರಿಸುವ 'ಟಾಪ್ -ಎಚ್' ಹಾಕಿ ಹೆಚ್ಚು ತಿನ್ನುವ ಥ್ರೆಡ್‌ನ ಸಂಖ್ಯೆ ಹಿಡಿದು, ಪ್ರಿಂಟ್‌ಎಫ್‌ನಿಂದ ಹದಿನಾರರ ಪದ್ಧತಿಗೆ ಬದಲಿಸಿ, ಡಂಪ್‌ನಲ್ಲಿ ಆ ಸಂಖ್ಯೆ ಇರುವ 'ಎನ್‌ಐಡಿ'ಯಲ್ಲಿ ಹುಡುಕಿದೆ. ಕೆಟ್ಟದಾಗಿ ಬರೆದ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯ ಹುಡುಕುವ ಮಾದರಿ) ಅಲ್ಲಿ ತಿರುಗುತ್ತಾ ಕುಳಿತಿತ್ತು.

ಡಂಪ್ ಏರಿಸಿದರೆ ಬಣ್ಣದ ಚಿತ್ರ ಬರೆದುಕೊಡುವ ಜಾಲತಾಣಗಳಿವೆ. ಕೆಲಸದ ಡಂಪ್ ಅನ್ನು ನಾನು ಅಲ್ಲಿಗೆ ಕಳಿಸುವುದಿಲ್ಲ. ನಮ್ಮ ಕ್ಲಾಸ್‌ಗಳ ಹೆಸರು, ಕೆಲವೊಮ್ಮೆ ಥ್ರೆಡ್‌ನ ಹೆಸರಿನಲ್ಲಿ ಗ್ರಾಹಕರ ಗುರುತು ಕೂಡ ಅದರಲ್ಲಿರುತ್ತದೆ. ಟರ್ಮಿನಲ್‌ನ ನಾಲ್ಕು ಉಪಕರಣಗಳಿಗೆ ಆಗದ್ದು ನನಗೆ ಇನ್ನೂ ಎದುರಾಗಿಲ್ಲ.

ಎಲ್ಲವನ್ನೂ ಒಂದು ಚಿಕ್ಕ ಸ್ಕ್ರಿಪ್ಟ್‌ಗೆ ಹಾಕಿಟ್ಟಿದ್ದೇನೆ. ಈಗ ತಂಡದ ಒಂದು ಸೇವೆ ಜಾವಾ 21ಕ್ಕೆ ಹೋಗಿ ಜೆವಿಎಂ ತಾನೇ ನಿಭಾಯಿಸುವ ಹಗುರ ವರ್ಚುವಲ್ ಥ್ರೆಡ್‌ಗಳನ್ನು ಬಳಸತೊಡಗಿದೆ. ಜೆಸ್ಟ್ಯಾಕ್‌ನ ಪಟ್ಟಿಯಲ್ಲಿ ಅವು ಬರುವುದಿಲ್ಲ, ಜೆಡಿಕೆಯ ಇನ್ನೊಂದು ಉಪಕರಣ ಜೆಸಿಎಂಡಿಯ 'ಥ್ರೆಡ್.ಡಂಪ್_ಟು_ಫೈಲ್' ಆಜ್ಞೆಯಿಂದ ಕಡತಕ್ಕೆ ಬರೆಸಿಕೊಳ್ಳಬೇಕು, ಅದರ ವಿನ್ಯಾಸವೂ ಬೇರೆ. ಅಂದು ರೀಸ್ಟಾರ್ಟ್‌ಗೆ ಕೈಹಾಕಿದ್ದ ಅದೇ ಕಿರಿಯ ಸಹೋದ್ಯೋಗಿ ಈ ವಾರ ಆ ಸ್ಕ್ರಿಪ್ಟ್ ತಿದ್ದುತ್ತಿದ್ದಾನೆ.